ಹೊಸ ನೆಲ ಹಾಸುವ ಮುನ್ನ
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಮನೆಗೆ ಒಂದು ಒಳ್ಳೆಯ ನೆಲ ಹಾಕಿಸಬೇಕೆಂಬ ಆಸೆ ಯಾರಿಗೆ ತಾನೆ ಇಲ್ಲ? ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡಿದಾಗ, ಮನೆಯಲ್ಲೊಂದು ಮದುವೆ ಗೊತ್ತಾದಾಗ ನಮ್ಮ ಕಣ್ಣು ಮೊದಲು ಬೀಳುವುದು ನೆಲದ ಮೇಲೆ. ಪೇಟೆಗೆ ಹೋಗುತ್ತೇವೆ, ಕಲ್ಲಿನ ಬಣ್ಣ ನೋಡುತ್ತೇವೆ, ಟೈಲ್ಸಿನ ಹೊಳಪು ನೋಡುತ್ತೇವೆ, ಚದರ ಅಡಿಗೆ ಎಷ್ಟೆಂದು ಕೇಳಿಕೊಂಡು ಬರುತ್ತೇವೆ. ಆದರೆ ಮನೆಯಲ್ಲಿ ಈಗಾಗಲೇ ಇರುವ ಹಳೆಯ ನೆಲವನ್ನು ಏನು ಮಾಡಬೇಕು ಎಂಬುದನ್ನು ಮಾತ್ರ ವಿಚಾರಿಸುವವರು ಕಡಿಮೆ. ಈ ಹೊತ್ತು ನಿಮ್ಮ ಮುಂದೆ ನಾನು ಹೇಳಬೇಕೆಂದಿರುವುದು ಈ ಒಂದೇ ವಿಷಯವನ್ನು.

ನೀವು ಒಕ್ಕಲುತನ ಬಲ್ಲವರು. ಗರಿಕೆ ಹಬ್ಬಿದ ಹೊಲದಲ್ಲಿ ಬೇರು ತೆಗೆಯದೆ ಬೀಜ ಬಿತ್ತಿದರೆ ಫಲ ಏನೆಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೀಜ ಎಷ್ಟೇ ಉತ್ತಮವಾಗಿರಲಿ, ನೆಲ ಹದವಾಗಿರದಿದ್ದರೆ ಬೆಳೆ ಬಾರದು. ಮನೆಯ ನೆಲವೂ ಹಾಗೆಯೇ. ಹೊಸ ನೆಲ ಇಪ್ಪತ್ತು ವರ್ಷ ಬಾಳುವುದೋ ಎರಡು ಮಳೆಗಾಲಕ್ಕೇ ಎದ್ದು ಬರುವುದೋ ಎಂಬುದು ಮೇಲೆ ಹಾಸುವ ಕಲ್ಲಿಗಿಂತ ಹೆಚ್ಚಾಗಿ ಅದರ ಕೆಳಗಿನ ಕೆಲಸವನ್ನು ಅವಲಂಬಿಸಿದೆ.

ಮದುವೆಗೆ ಎಂಟು ದಿನವಿದೆ ಎಂದಿಟ್ಟುಕೊಳ್ಳಿ. "ಹಳೆಯದನ್ನು ಕೀಳುವುದೇಕೆ, ಮೇಲೆಯೇ ಕೂರಿಸಿಬಿಡೋಣ, ಎರಡು ದಿನದ ಕೆಲಸ" ಎಂದು ಒಬ್ಬರು ಹೇಳುತ್ತಾರೆ. ಖರ್ಚೂ ಕಡಿಮೆ, ದಿನವೂ ಉಳಿಯಿತು ಎಂದು ನಾವು ಒಪ್ಪುತ್ತೇವೆ. ಮದುವೆಯ ದಿನ ನೆಲ ಕನ್ನಡಿಯಂತೆ ಕಾಣುತ್ತದೆ. ಮುಂದಿನ ಮಳೆಗಾಲದಲ್ಲಿ ಕೆಳಗಿನ ತೇವ ಮೇಲೇರುತ್ತದೆ. ಬುಡ ಬಿಟ್ಟಿದ್ದ ಹಳೆಯ ನೆಲ ಅಲುಗಾಡುತ್ತದೆ. ಅದರೊಡನೆ ಹೊಸದೂ ಅಲುಗಾಡುತ್ತದೆ. ಮೊದಲು ಟೊಳ್ಳು ಸದ್ದು, ಆಮೇಲೆ ಬಿರುಕು, ಕಡೆಗೆ ಒಂದೊಂದೇ ಬಿಲ್ಲೆ ಕೈಗೆ ಬರುತ್ತದೆ. ಆಗ ಎರಡು ನೆಲಗಳನ್ನೂ ಕೀಳಬೇಕು, ಮೂರನೆಯದನ್ನು ಹಾಕಿಸಬೇಕು. ಸಾಲ ಮಾಡಿ ಹಾಕಿಸಿದ್ದಾದರೆ ಸಾಲ ತೀರುವ ಮೊದಲೇ ನೆಲ ತೀರಿರುತ್ತದೆ.

ಮೊದಲು ಮೂರು ಪರೀಕ್ಷೆ

ಹಾಗೆಂದು ಹಳೆಯ ನೆಲವನ್ನೆಲ್ಲ ಕಿತ್ತೇ ತೀರಬೇಕೆಂದು ನಾನು ಹೇಳುತ್ತಿಲ್ಲ. ಕೀಳಬೇಕೋ ಬೇಡವೋ ಎಂಬುದನ್ನು ನೀವೇ ಮೂರು ಪರೀಕ್ಷೆಗಳಿಂದ ತಿಳಿದುಕೊಳ್ಳಬಹುದು.

ಮೊದಲನೆಯದು ಸದ್ದಿನ ಪರೀಕ್ಷೆ. ಗಟ್ಟಿ ಮರದ ಕೋಲಿನಿಂದ ಗೇಣಿಗೊಂದು ಸಲ ನೆಲವನ್ನು ಕುಟ್ಟುತ್ತ ಹೋಗಿ. ಬುಡ ಹಿಡಿದಿರುವ ನೆಲ ಗಟ್ಟಿಯಾದ ಸದ್ದು ಕೊಡುತ್ತದೆ. ಬುಡ ಬಿಟ್ಟಿರುವ ನೆಲ ಖಾಲಿ ಕೊಡದಂತೆ ಸದ್ದು ಮಾಡುತ್ತದೆ. ಟೊಳ್ಳಾದ ಜಾಗಕ್ಕೆಲ್ಲ ಸುಣ್ಣದ ಕಡ್ಡಿಯಿಂದ ಸುತ್ತು ಗೆರೆ ಹಾಕಿ. ಅಲ್ಲೊಂದು ಇಲ್ಲೊಂದು ಇದ್ದರೆ ಅಷ್ಟನ್ನೇ ಕಿತ್ತು ತೇಪೆ ಹಾಕಬಹುದು. ಕೋಣೆಯ ತುಂಬ ಗೆರೆಯೇ ಆದರೆ ಪೂರ್ತಿ ತೆಗೆಯುವುದೇ ಸರಿ.

ಎರಡನೆಯದು ತೇವದ ಪರೀಕ್ಷೆ. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕು ಅಂಚನ್ನೂ ಅಂಟುಪಟ್ಟಿಯಿಂದ ಬಿಗಿಯಾಗಿ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಮಾರನೆಯ ದಿನ ತೆಗೆದಾಗ ಹಾಳೆಯ ಅಡಿಯಲ್ಲಿ ನೀರಿನ ಹನಿ ಕಂಡರೆ, ಇಲ್ಲವೆ ನೆಲ ಕಪ್ಪಾಗಿದ್ದರೆ, ಭೂಮಿಯ ತೇವ ಮೇಲೇರುತ್ತಿದೆ ಎಂದರ್ಥ. ಬಚ್ಚಲಿನ ಗೋಡೆಯ ಪಕ್ಕದಲ್ಲಿ ಒಂದು, ನಡುಮನೆಯಲ್ಲಿ ಒಂದು, ಹೀಗೆ ಎರಡು ಮೂರು ಕಡೆ ಈ ಪರೀಕ್ಷೆ ಮಾಡಬೇಕು. ತೇವವಿದ್ದರೆ ಹಳೆಯದನ್ನು ತೆಗೆದು, ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಯೇ ಮುಂದಿನ ಕೆಲಸ ಮಾಡಿಸತಕ್ಕದ್ದು.

ಮೂರನೆಯದು ಮಟ್ಟದ ಪರೀಕ್ಷೆ. ಒಂದಂಗುಲದ ಹಾಸುಗಲ್ಲಿಗೆ ಕೆಳಗಿನ ಗಾರೆಯೂ ಸೇರಿ ಎರಡರಿಂದ ಮೂರಂಗುಲ ಬೇಕು. ಅಂಟಿನಿಂದ ಕೂರಿಸುವ ಟೈಲ್ಸಿಗೆ ಅರ್ಧ ಅಂಗುಲ ಸಾಕು. ಅಷ್ಟು ಏರಿದರೆ ಬಾಗಿಲು ತೆರೆಯುವುದೇ? ಹೊಸ್ತಿಲು ಮುಚ್ಚಿಹೋಗುವುದೇ? ಬಚ್ಚಲಿನ ನೀರು ಹೊರಕ್ಕೆ ಹರಿಯುವುದೋ ಒಳಕ್ಕೋ? ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ನಾಲ್ಕು ಗೋಡೆಗಳಿಗೂ ಮಟ್ಟದ ಗುರುತು ಹಾಕಿದರೆ ಇದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇದೆ. ನೆಲದ ಕೆಲಸದಲ್ಲಿ ಆತುರಗಾರನಿಗೆ ನೆಲವೂ ಮಟ್ಟವಾಗುವುದಿಲ್ಲ.

ಸಿಮೆಂಟಿನ ನೆಲವೊಂದು ಈ ಮೂರು ಪರೀಕ್ಷೆಗಳಲ್ಲೂ ಗೆದ್ದರೆ ಅದನ್ನು ಕೀಳುವುದು ಬೇಡ. ಉಳಿಯಿಂದ ಎರಡೆರಡು ಅಂಗುಲಕ್ಕೆ ಕಚ್ಚು ಹಾಕಿ, ಮೇಲಿನ ನುಣುಪನ್ನು ಒರಟು ಮಾಡಿ, ತೊಳೆದು, ಅದರ ಮೇಲೆಯೇ ಹೊಸದನ್ನು ಹಾಸಬಹುದು. ಸಗಣಿ ಸಾರಿಸಿದ ಮಣ್ಣಿನ ನೆಲಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ, ಅದನ್ನು ತೆಗೆಯಲೇಬೇಕು.

ಹಾರೆ ಹಿಡಿಯುವ ಮುನ್ನ

ಕಾಳುಕಡ್ಡಿ, ಹಿಟ್ಟಿನ ಡಬ್ಬಿ, ಹಾಸಿಗೆ ಇವುಗಳನ್ನು ಮೊದಲು ಸಾಗಿಸಿ. ಒಂದೇ ಸೂರಿನಡಿ ದನ ಕಟ್ಟುವವರು ಅವನ್ನೂ ಹೊರಗೆ ಕಟ್ಟಿ. ಕೂಸುಗಳು, ಬಸುರಿಯರು, ಉಬ್ಬಸದವರು, ಕ್ಷಯ ಬಂದು ವಾಸಿಯಾದವರು ಕೆಲಸ ಮುಗಿಯುವವರೆಗೆ ಬೇರೆ ಮನೆಯಲ್ಲಿರಲಿ. ಒಳಬಾಗಿಲುಗಳಿಗೆ ಒದ್ದೆ ಗೋಣಿ ಇಳಿಬಿಟ್ಟು, ಹೊರಗಿನ ಕಿಟಕಿ ಬಾಗಿಲುಗಳನ್ನು ತೆರೆದಿಡಿ. ನೆಲದಡಿಯಲ್ಲಿ ವಿದ್ಯುತ್ ತಂತಿಯಾಗಲಿ ನೀರಿನ ಕೊಳವೆಯಾಗಲಿ ಹೋಗಿದೆಯೇ ಎಂದು ನೋಡಿ, ಆ ಕಡೆಯ ವಿದ್ಯುತ್ತನ್ನು ಮೂಲದಲ್ಲೇ ನಿಲ್ಲಿಸಿ.

ಮನೆಯ ಹಿರಿಯರನ್ನು ಒಂದು ಮಾತು ಕೇಳುವುದನ್ನು ಮರೆಯಬೇಡಿ: ಇಲ್ಲಿ ಹಿಂದೆ ಹಗೇವು ಇತ್ತೇ? ರಾಗಿ, ಜೋಳ ತುಂಬುತ್ತಿದ್ದ ನೆಲದೊಳಗಿನ ಹಗೇವುಗಳನ್ನು ಎಷ್ಟೋ ಕಡೆ ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ನೆಲ ಮಾಡಿಬಿಟ್ಟಿದ್ದಾರೆ. ಅಗೆಯುವಾಗ ಹಾರೆ ಕೆಳಕ್ಕೆ ಜಾರಿತೆಂದರೆ ಕೂಡಲೇ ನಿಲ್ಲಿಸಿ. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಅಲ್ಲಿ ಕೂಡಿರುವ ಕೆಟ್ಟ ಗಾಳಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲದಿರಬಹುದು. ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ದೀಪ ಇಳಿಬಿಟ್ಟು ನೋಡಿದೆವು, ಆರಲಿಲ್ಲ ಎಂಬ ಧೈರ್ಯವೂ ಬೇಡ. ಹಗೇವನ್ನು ಮುಚ್ಚುವುದಕ್ಕೆ ಯಾರೂ ಒಳಗೆ ಇಳಿಯಬೇಕಾಗಿಲ್ಲ. ಮೇಲಿನಿಂದಲೇ ಮರಳನ್ನೋ ಸಣ್ಣ ಗರಸನ್ನೋ ಸ್ವಲ್ಪ ಸ್ವಲ್ಪವಾಗಿ ಸುರಿದು, ನೀರು ಚಿಮುಕಿಸಿ, ಉದ್ದನೆಯ ಕೋಲಿನಿಂದ ತಿವಿದು ಕೂರಿಸಬಹುದು.

ಹಳೆಯ ನೆಲ ತೆಗೆಯುವ ಕ್ರಮ

ಈಗ ಒಂದೊಂದು ಬಗೆಯ ನೆಲವನ್ನೂ ನೋಡೋಣ.

ಸಗಣಿ ಸಾರಿಸಿದ ನೆಲದಲ್ಲಿ ತಲೆಮಾರುಗಳ ಸಾರಣೆ ಪದರಪದರವಾಗಿ ಕೂತಿರುತ್ತದೆ. ತೇವ ಬಂದರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ; ಗೆದ್ದಲಿಗೂ ಆಹಾರ. ಆದುದರಿಂದ ಆ ಪದರವನ್ನೆಲ್ಲ ಕೆತ್ತಿ, ಕೆಳಗಿನ ಗಟ್ಟಿ ಮಣ್ಣು ಸಿಗುವವರೆಗೆ ಅಗೆಯಬೇಕು. ಗೆದ್ದಲಿನ ಗೂಡು ಕಂಡರೆ ಪೂರ್ತಿ ಕಿತ್ತು ತೆಗೆಯಿರಿ. ಹೊಲಕ್ಕೆಂದು ತಂದು ಮಿಕ್ಕಿದ ಔಷಧವನ್ನು ಮನೆಯ ನೆಲಕ್ಕೆ ಸುರಿಯುವುದು ಸಲ್ಲದು; ನೀವು ಮಲಗುವುದೂ ಮಕ್ಕಳು ಅಂಬೆಗಾಲಿಡುವುದೂ ಅದರ ಮೇಲೆಯೇ. ಅಗೆದ ಮೇಲೆ ಗರಸು ತುಂಬಿ, ನೀರು ಚಿಮುಕಿಸಿ, ಮೂರಂಗುಲದಿಂದ ನಾಲ್ಕಂಗುಲಕ್ಕೆ ಒಂದು ಸಲದಂತೆ ದಮ್ಮಸು ಮಾಡಿ.

ಹಾಸುಗಲ್ಲಿನ ನೆಲವನ್ನು ಒಡೆಯುವುದು ದುಡ್ಡನ್ನು ಒಡೆದಂತೆ. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲಾಗಲಿ, ಆಂಧ್ರದ ಕಡಪ ಕಲ್ಲಾಗಲಿ ಎಬ್ಬಿಸಿ ಮತ್ತೆ ಹಾಸಬಹುದಾದ ವಸ್ತು. ಬಾಗಿಲ ಅಂಚಿನಲ್ಲಿ ಸಡಿಲವಾಗಿರುವ ಒಂದು ಕಲ್ಲನ್ನು ಹುಡುಕಿ ಅಲ್ಲಿಂದ ಆರಂಭಿಸಿ. ಸಂದಿನ ಗಾರೆಯನ್ನು ಉಳಿಯಿಂದ ಕೆತ್ತಿ, ಹಾರೆಯ ಕೆಳಗೆ ಮರದ ತುಂಡು ಕೊಟ್ಟು ನಿಧಾನವಾಗಿ ಮೀಟಿ. ಎದ್ದ ಕಲ್ಲಿನ ಬೆನ್ನಿಗೆ ಅಂಟಿದ ಗಾರೆಯನ್ನು ಕೆತ್ತಿ ತೆಗೆದು, ಗೋಡೆಗೆ ಒರಗಿಸಿ ಅಂಚಿನ ಮೇಲೆ ನಿಲ್ಲಿಸಿ. ಒಂದರ ಮೇಲೊಂದು ಮಲಗಿಸಿದರೆ ಭಾರಕ್ಕೆ ಒಡೆಯುತ್ತವೆ. ನಡುಮನೆಯಿಂದ ಎದ್ದ ಕಲ್ಲು ಕೊಟ್ಟಿಗೆಗೋ ಬಚ್ಚಲಿಗೋ ಅಂಗಳಕ್ಕೋ ಚೆನ್ನಾಗಿ ಒದಗುತ್ತದೆ.

ಸಿಮೆಂಟಿನ ನೆಲ, ಕಾವಿ ಬಣ್ಣದ ನೆಲ, ಸಿಮೆಂಟಿನಿಂದ ಕೂರಿಸಿದ ಟೈಲ್ಸು ಇವಕ್ಕೆ ಸುತ್ತಿಗೆ ಮತ್ತು ಉಳಿಯೇ ಸಾಧನ. ಟೊಳ್ಳು ಸದ್ದು ಬಂದ ಕಡೆ ಮೊದಲು ಬಾಯಿ ತೆರೆಯಿರಿ. ಅಲ್ಲಿಂದ ಉಳಿಯನ್ನು ಓರೆಯಾಗಿ ಹಿಡಿದು ಅಡಿಗಡಿಯ ತುಂಡುಗಳಾಗಿ ಎಬ್ಬಿಸುತ್ತ ಬನ್ನಿ.

ಎಲ್ಲ ಬಗೆಯ ನೆಲಕ್ಕೂ ಒಂದು ಎಚ್ಚರಿಕೆ ಸಲ್ಲುತ್ತದೆ. ಗೋಡೆಯ ಬುಡವನ್ನು ಕಡೆಗೆ ಮುಟ್ಟಿ. ಮಣ್ಣಿನ ಗೋಡೆಯ ಹಳೆಯ ಮನೆಗಳ ಪಾಯ ಬಹಳ ಆಳ ಇರುವುದಿಲ್ಲ. ಸುತ್ತಲೂ ಒಮ್ಮೆಗೇ ಅಗೆದರೆ ಗೋಡೆಯೇ ಕೂತುಬಿಡಬಹುದು. ಗೋಡೆಯಿಂದ ಒಂದು ಗೇಣು ಬಿಟ್ಟು ಉಳಿದದ್ದನ್ನೆಲ್ಲ ಮುಗಿಸಿ. ಆಮೇಲೆ ಬುಡದ ಭಾಗವನ್ನು ಎರಡು ಮೂರು ಅಡಿಯಷ್ಟೇ ತೆಗೆದು, ತುಂಬಿ, ದಮ್ಮಸು ಮಾಡಿ, ಅನಂತರ ಮುಂದಕ್ಕೆ ಹೋಗಿ. ಪಾಯದ ತಳಕ್ಕಿಂತ ಕೆಳಕ್ಕೆ ಎಂದೂ ಅಗೆಯಬಾರದು. ತೊಟ್ಟಿಮನೆಯ ಕಂಬಗಳ ಅಡಿಗಲ್ಲನ್ನು ಅಲುಗಿಸಲೇಬಾರದು.

ಉಳಿದ ಅಂಟು

ಹಳೆಯ ಬಿಲ್ಲೆ ಎದ್ದ ಮೇಲೆ ಕೆಲಸ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಅರ್ಧ ಕೆಲಸ ಉಳಿದಿರುತ್ತದೆ. ಕೆಳಗೆ ಅಂಟಿಕೊಂಡ ಹಳೆಯ ಗಾರೆ, ಪ್ಲಾಸ್ಟಿಕ್ ಹಾಸಿನ ಅಂಟು, ಮೇಣ, ಎಣ್ಣೆ, ಬಣ್ಣ ಇವು ಹೊಸ ನೆಲಕ್ಕೆ ಶತ್ರು. ಹೇಗೆಂದರೆ, ಸಿಮೆಂಟು ಹಿಡಿಯುವುದು ಕೆಳಗಿನ ನೆಲದ ಸಣ್ಣ ಸಣ್ಣ ರಂಧ್ರಗಳೊಳಕ್ಕೆ ಇಳಿದು ಗಟ್ಟಿಯಾಗುವುದರಿಂದ. ಅಂಟಿನ ಪೊರೆ ಆ ರಂಧ್ರಗಳನ್ನು ಮುಚ್ಚಿರುತ್ತದೆ. ಧೂಳು ಕೂತರೂ ಫಲ ಅದೇ. ಇದನ್ನು ತಿಳಿಯಲು ಒಂದು ಸುಲಭ ಉಪಾಯವಿದೆ: ನೆಲದ ಮೇಲೆ ನೀರು ಚಿಮುಕಿಸಿ. ನೀರು ಹೀರಿಕೊಂಡು ನೆಲ ಕಪ್ಪಾದರೆ ಸರಿ. ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಅಂಟು ಇನ್ನೂ ಇದೆ.

ಪ್ಲಾಸ್ಟಿಕ್ ಹಾಸನ್ನು ಗೇಣಗಲದ ಪಟ್ಟಿಗಳಾಗಿ ಕೊಯ್ದು ಸುಲಿಯಿರಿ. ಉಳಿದ ಅಂಟಿನ ಮೇಲೆ ಗೋಣಿ ಹಾಸಿ ಬಿಸಿನೀರು ಹುಯ್ದು ಅರ್ಧ ಗಂಟೆ ಬಿಡಿ. ಮೆತ್ತಗಾದುದನ್ನು ಅಗಲ ಬಾಯಿಯ ಉಳಿಯಿಂದ ಕೆರೆಯಿರಿ. ಅದಕ್ಕೂ ಬಾರದಿದ್ದರೆ ಅಂಟನ್ನು ಬಿಟ್ಟು ನೆಲದ ಮೇಲ್ಪದರವನ್ನೇ ತೆಳುವಾಗಿ ಕೆತ್ತಿ ತೆಗೆಯುವುದು ಲೇಸು. ಸುಲಿದ ಪ್ಲಾಸ್ಟಿಕ್ಕನ್ನು ಸುಡಬೇಡಿ. ಅದರ ಹೊಗೆ ವಿಷ.

ಅಂಟು ಕರಗಿಸಲು ಪೆಟ್ರೋಲು, ಥಿನ್ನರು ಬಳಸುವ ಅಭ್ಯಾಸ ಕೆಲವರಲ್ಲಿದೆ. ಇದು ಬಹು ಅಪಾಯಕರ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲಕ್ಕೆ ಹೋಗದೆ ನೆಲದ ಮೇಲೆಯೇ ಹರಿದು ಪಕ್ಕದ ಕೋಣೆಯ ಒಲೆಯನ್ನೋ ದೇವರ ದೀಪವನ್ನೋ ಮುಟ್ಟುತ್ತದೆ; ಅಲ್ಲಿ ಹೊತ್ತಿದ ಬೆಂಕಿ ಕೆಲಸ ಮಾಡುವವನ ಕಾಲಬುಡಕ್ಕೆ ಬರುತ್ತದೆ. ಮನೆಯೊಳಗೆ ಇವನ್ನು ತರಲೇಬೇಡಿ.

ಆಸಿಡ್ಡಿನ ವಿಷಯವೂ ಹಾಗೆಯೇ. ಶಹಾಬಾದ್, ಕಡಪ ಕಲ್ಲುಗಳು ಸುಣ್ಣದ ಜಾತಿಯ ಕಲ್ಲುಗಳು. ಆಸಿಡ್ ಅವುಗಳ ಮೈಯನ್ನೇ ತಿನ್ನುತ್ತದೆ. ಉಳಿಯಿಂದ ಆಗುವ ಕೆಲಸಕ್ಕೆ ಆಸಿಡ್ ಬೇಡ. ಟೈಲ್ಸಿನ ಮೇಲಿನ ಸಿಮೆಂಟಿನ ಕಲೆಗೆ ಬಳಸಲೇಬೇಕಾದರೆ ಕೈಗೆ ರಬ್ಬರು ಗವಸು, ಕಣ್ಣಿಗೆ ಕನ್ನಡಕ ಧರಿಸಿ, ನೀರಿಗೆ ಆಸಿಡ್ಡನ್ನು ಸ್ವಲ್ಪವಾಗಿ ಹಾಕಬೇಕೇ ಹೊರತು ಆಸಿಡ್ಡಿಗೆ ನೀರು ಹುಯ್ಯಬಾರದು. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಎಂದಿಗೂ ಒಂದೇ ನೆಲದ ಮೇಲೆ ಕೂಡಬಾರದು. ಎರಡೂ ಸೇರಿದರೆ ಹೊರಡುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಎರವಾಗಬಲ್ಲುದು.

ಹಳೆಯ ಕಚೇರಿ, ವಸತಿಗೃಹ ಮೊದಲಾದ ಕಟ್ಟಡ ಕೊಂಡವರಿಗೆ ಇನ್ನೊಂದು ಮಾತು. 1980ಕ್ಕೆ ಹಿಂದಿನ ಕೆಲವು ಪ್ಲಾಸ್ಟಿಕ್ ಬಿಲ್ಲೆಗಳಲ್ಲಿಯೂ ಅವನ್ನು ಅಂಟಿಸಿದ ಕಪ್ಪು ಡಾಂಬರಿನಂಥ ಅಂಟಿನಲ್ಲಿಯೂ ಕಲ್ನಾರು ಬೆರೆಸುತ್ತಿದ್ದುದುಂಟು. ಅದರ ನೂಲು ಶ್ವಾಸಕೋಶ ಸೇರಿದರೆ ಕ್ಯಾನ್ಸರಿಗೆ ಕಾರಣವಾಗುತ್ತದೆ. ಅಂಥ ನೆಲ ಗಟ್ಟಿಯಾಗಿದ್ದರೆ ಕೆರೆಯದೆ, ಉಜ್ಜದೆ, ಹಾಗೆಯೇ ಬಿಟ್ಟು ಮೇಲೆ ಮುಚ್ಚುವುದೇ ಕ್ಷೇಮ.

ಧೂಳು ಸಣ್ಣ ಮಾತಲ್ಲ

ನನ್ನ ಭಾಷಣದಲ್ಲಿ ನೀವು ಒಂದನ್ನು ಮಾತ್ರ ನೆನಪಿಡುವುದಾದರೆ ಈ ಭಾಗವನ್ನು ನೆನಪಿಡಿ. ಗಾರೆಯಲ್ಲಿ ಮರಳಿದೆ, ಕಾಂಕ್ರೀಟಿನಲ್ಲಿ ಜಲ್ಲಿ ಇದೆ, ಗ್ರಾನೈಟಿನಲ್ಲೂ ಟೈಲ್ಸಿನಲ್ಲೂ ಸಿಲಿಕ ಎಂಬ ಪದಾರ್ಥವಿದೆ. ಒಣಗಿದಂತೆಯೇ ಒಡೆದಾಗ, ಯಂತ್ರದಿಂದ ಕೊಯ್ದಾಗ ಅದು ಕಣ್ಣಿಗೆ ಕಾಣದಷ್ಟು ನುಣ್ಣನೆಯ ಧೂಳಾಗಿ ಶ್ವಾಸಕೋಶದ ತಳ ಸೇರುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಅದರಿಂದ ಬರುವ ಸಿಲಿಕೋಸಿಸ್ ರೋಗಕ್ಕೆ ಇಂದಿಗೂ ವಾಸಿ ಮಾಡುವ ಔಷಧವಿಲ್ಲ. ಈ ರೋಗವಿದ್ದವರಿಗೆ ಕ್ಷಯವೂ ಸುಲಭವಾಗಿ ಹಿಡಿಯುತ್ತದೆ. ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲು ಕೊರೆದ ಕಾರ್ಮಿಕರನೇಕರು ಇದೇ ರೋಗದಿಂದ ನರಳಿದರು. ಗಣಿ 2001ರಲ್ಲಿ ಮುಚ್ಚಿತು. ಆದರೆ ಧೂಳಿನ ಗುಣ ಬದಲಾಗಿಲ್ಲ.

ಮನೆಯವರಿಗೆ ಇದು ಎರಡು ದಿನದ ಧೂಳು. ನಿಮ್ಮ ಮನೆಗೆ ಕೂಲಿಗೆ ಬಂದ ಹುಡುಗನಿಗೆ ಇದು ದಿನಾಲೂ ಕುಡಿಯುವ ಧೂಳು. ಅವನು ನಿಮ್ಮೂರಿನವನೇ, ಇಲ್ಲವೆ ಪಕ್ಕದೂರಿನವನು. ಅವನ ಉಸಿರು ಕಾಪಾಡಲು ಬೇಕಾದುದು ಒಂದು ಕೊಡ ನೀರು, ಒಂದು ಮುಖವಾಡ. ಒಡೆಯುವ ಮೊದಲೂ ಒಡೆಯುವಾಗಲೂ ನೀರು ಚಿಮುಕಿಸುತ್ತಿರಿ. ಮುಖಕ್ಕೆ ಸುತ್ತಿದ ಟವಲು ಈ ಧೂಳನ್ನು ತಡೆಯುವುದಿಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಎನ್ 95 ಮುಖವಾಡವನ್ನು ಮೂಗಿಗೆ ಬಿಗಿಯಾಗಿ ಹಾಕಬೇಕು. ಒಣ ಪೊರಕೆಯಿಂದ ಗುಡಿಸಬೇಡಿ. ನೀರು ಚಿಮುಕಿಸಿ ಗುಡಿಸಿ. ಕೊಯ್ಯುವ ಯಂತ್ರಕ್ಕೆ ನೀರು ಬಿಟ್ಟುಕೊಂಡೇ ಕೊಯ್ಯಬೇಕು. ಆಗ ಯಂತ್ರ ನೀರಿಗೆ ಹೊಂದುವಂಥದ್ದಾಗಿರಬೇಕು, ಸಂಪರ್ಕಕ್ಕೆ ಅರ್ಥಿಂಗ್ ಇರಬೇಕು, ತಂತಿ ನೀರಿನಲ್ಲಿ ಬಿದ್ದಿರಬಾರದು. ಮುಖವಾಡದ ಖರ್ಚನ್ನು ಕೂಲಿಯಲ್ಲಿ ಮುರಿಯದೆ ಮನೆಯವರೇ ಕೊಡುವುದು ಧರ್ಮ.

ಒಡೆದ ಮಣ್ಣು, ಚೂರು

ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿ ಮೂರಂಗುಲ ದಪ್ಪದ ನೆಲ ತೆಗೆದರೆ 30 ಘನ ಅಡಿ ಆಗುತ್ತದೆ. ತೂಕ ಎರಡು ಟನ್ನಿನ ಹತ್ತಿರ. ಇದನ್ನು ಎಲ್ಲಿ ಹಾಕುವುದೆಂದು ಮೊದಲೇ ಗೊತ್ತುಮಾಡಿ. ಊರ ಚರಂಡಿ, ಕೆರೆಯ ಅಂಗಳ, ಹೊಲದ ಬದು ಇವು ಅದಕ್ಕೆ ಜಾಗವಲ್ಲ. ಸಿಮೆಂಟಿನ, ಗಾರೆಯ ಚೂರನ್ನು ಮುಷ್ಟಿಯ ಗಾತ್ರಕ್ಕೆ ಒಡೆದು ಅದೇ ಮನೆಯ ನೆಲದಡಿಯ ತುಂಬಿಗೆ, ಇಲ್ಲವೆ ಗಾಡಿ ಜಾಡಿನ ಗುಂಡಿಗೆ ಬಳಸಬಹುದು. ಸಗಣಿ ನೆಲದ ಮಣ್ಣು ತಿಪ್ಪೆಗೆ ಸೇರಲಿ. ಅದರೊಡನೆ ಸಿಮೆಂಟು, ಗಾಜು, ಟೈಲ್ಸಿನ ಚೂರು ಬೆರೆಯದಂತೆ ನೋಡಿ. ಆ ಚೂರು ನಾಳೆ ನಿಮ್ಮ ಎತ್ತಿನ ಗೊರಸಿಗೇ ನೆಡುತ್ತದೆ.

ಹೊಸದು ಹಾಸುವ ದಿನ

ಬುಡ ಹದವಾದ ಮೇಲೆ ಉಳಿದ ಕೆಲಸ ಮೇಸ್ತ್ರಿಗೆ ಸುಲಭ. ಆದರೂ ನಾಲ್ಕು ಸಂಗತಿ ನೀವೇ ನಿಂತು ನೋಡಿ. ನೆಲ ಧೂಳಿಲ್ಲದಂತೆ ತೊಳೆದಿರಬೇಕು. ಸಿಮೆಂಟಿನ ಗಾರೆ ಹಾಕುವ ಮುನ್ನ ಕೆಳಗಿನ ಕಾಂಕ್ರೀಟು ತೇವವಾಗಿರಬೇಕು, ನೀರು ಮಾತ್ರ ನಿಂತಿರಬಾರದು. ಡಬ್ಬದ ಅಂಟಿನಿಂದ ಟೈಲ್ಸು ಕೂರಿಸುವುದಾದರೆ ಡಬ್ಬದ ಮೇಲೆ ಬರೆದಿರುವ ಸೂಚನೆಯಂತೆಯೇ ನಡೆಯಬೇಕು. ಹೊಸ ಕಾಂಕ್ರೀಟು, ಗಾರೆಗಳಿಗೆ ಕಡಿಮೆಯೆಂದರೆ 7 ದಿನ ತೇವ ಆರದಂತೆ ಒದ್ದೆ ಗೋಣಿ ಹೊದಿಸಿರಬೇಕು. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಬರಿಗೈಯಲ್ಲಿ ಕಲಸುವುದು, ಬರಿ ಮೊಣಕಾಲೂರಿ ಕೆಲಸ ಮಾಡುವುದು ಬೇಡ.

ಇದಕ್ಕೆಲ್ಲ ಸರಿಯಾದ ಕಾಲ ಸುಗ್ಗಿ ಮುಗಿದು ಮುಂಗಾರು ಬರುವುದರೊಳಗಿನ ಅವಧಿ. ಆಗ ನೆಲದ ತೇವ ಇಳಿದಿರುತ್ತದೆ, ಮನೆಯ ಸಾಮಾನನ್ನು ಅಂಗಳದಲ್ಲಿಡಬಹುದು, ನಿಮಗೂ ನಿಂತು ನೋಡಲು ಬಿಡುವಿರುತ್ತದೆ. ಮದುವೆ ಇದ್ದರೆ ಒಂದು ತಿಂಗಳು ಮುಂಚೆಯೇ ಆರಂಭಿಸಿ. ಮೇಸ್ತ್ರಿಯೊಡನೆ ಮಾತಾಡುವಾಗ ಹಾಸುವ ಕೂಲಿ ಬೇರೆ, ಕೀಳುವ ಕೂಲಿ ಬೇರೆ, ಚೂರು ಸಾಗಿಸುವ ಬಾಡಿಗೆ ಬೇರೆ ಎಂದು ಮೂರನ್ನೂ ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ಎಲ್ಲ ಒಟ್ಟಿಗೆ ಇಷ್ಟು ಎಂದು ಗುತ್ತಿಗೆ ಕೊಟ್ಟರೆ ಮೊದಲು ಕಡಿತವಾಗುವುದು ಕಣ್ಣಿಗೆ ಕಾಣದ ಬುಡದ ಕೆಲಸವೇ.

ಬಾಂಧವರೇ, ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಎರಡರಲ್ಲೂ ದುಡ್ಡು ನೀರಿನಂತೆ ಹರಿಯುತ್ತದೆ. ಆ ದುಡ್ಡು ನಿಮ್ಮ ಬೆವರು. ಅದನ್ನು ಹೊಳಪಿಗೆ ಸುರಿಯುವ ಮೊದಲು ಬುಡಕ್ಕೆ ಸುರಿಯಿರಿ. ನಾಳೆಯೇ ಮನೆಗೆ ಹೋಗಿ ಒಂದು ಕೋಲು ತೆಗೆದುಕೊಂಡು ನಿಮ್ಮ ನೆಲವನ್ನು ಕುಟ್ಟಿ ನೋಡಿ. ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ. ಖರ್ಚಿಲ್ಲದ ಈ ಎರಡು ಕೆಲಸಗಳೇ ನೀವು ಮುಂದೆ ಏನು ಮಾಡಬೇಕೆಂಬುದನ್ನು ತಿಳಿಸುತ್ತವೆ.